ಹಾಲಿನ ದಾರಿಯಲ್ಲಿ ಮದ್ದು

ಹಾಲುಣ್ಣುವ ಮಗು ಕಾಯಿಲೆ ಬಿದ್ದರೆ ಮದ್ದನ್ನು ಯಾರಿಗೆ ಕೊಡಬೇಕು? ಈ ಪ್ರಶ್ನೆಗೆ ಸುಶ್ರುತ ಸಂಹಿತೆಯ ಶಾರೀರಸ್ಥಾನ ನೀಡುವ ಉತ್ತರ ಇಂದಿನ ಓದುಗರನ್ನು ತುಸು ಬೆರಗುಗೊಳಿಸೀತು. ಅದು ಮಕ್ಕಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಹಾಲನ್ನು ಮಾತ್ರ ಕುಡಿಯುವ ಕ್ಷೀರಪ, ಹಾಲನ್ನೂ ಅನ್ನವನ್ನೂ ಸೇವಿಸುವ ಕ್ಷೀರಾನ್ನಾದ, ಅನ್ನವನ್ನಷ್ಟೇ ಉಣ್ಣುವ ಅನ್ನಾದ. ಅನ್ನಾದನಿಗೆ ಕಷಾಯವನ್ನು ನೇರವಾಗಿ ಕುಡಿಸಬೇಕು. ಕ್ಷೀರಾನ್ನಾದನಾದರೆ ಮಗುವಿಗೂ ಕೊಡಬೇಕು, ಹಾಲೂಡುವವಳಿಗೂ ಕೊಡಬೇಕು. ಕ್ಷೀರಪನಿಗಾದರೋ ಹಾಲು ತುಪ್ಪದಲ್ಲಿ ಬೆರೆಸಿದ ಅತ್ಯಲ್ಪ ಪ್ರಮಾಣ ಸಾಕು. ಬೆರಕೆಯಿಲ್ಲದ ಔಷಧ ಸಲ್ಲಬೇಕಾದದ್ದು ಧಾತ್ರಿಗೆ. ಮದ್ದನ್ನು ಅರೆದು ಮೊಲೆಗೆ ಲೇಪಿಸಿ ಮಗುವಿಗೆ ಕುಡಿಸುವ ಕ್ರಮವನ್ನೂ ಅಲ್ಲಿಯೇ ಹೇಳಿದೆ. ಅಂದರೆ ಆ ಶಾಸ್ತ್ರಕಾರರಿಗೆ ತಾಯಿ ಸೇವಿಸಿದ್ದು ಹಾಲಿಗೆ ಇಳಿಯುತ್ತದೆಂಬುದು ಗೊತ್ತಿತ್ತು, ಮತ್ತು ಅದನ್ನು ಅವರು ಒಂದು ಅನುಕೂಲವಾಗಿ ಕಂಡಿದ್ದರು.

ಹೈದರಾಬಾದಿನಲ್ಲಿ ಕುಳಿತು ಈ ವಿಷಯವನ್ನು ಬರೆಯುವವರು ಇನ್ನೊಂದು ಪರಂಪರೆಯನ್ನು ಬಿಡುವಂತಿಲ್ಲ. ಚಾರ್‌ಮಿನಾರಿನ ಮಗ್ಗುಲಲ್ಲಿ ಏಳನೆಯ ನಿಜಾಮರ ಕಾಲದಲ್ಲಿ ಎದ್ದ ಯುನಾನಿ ಆಸ್ಪತ್ರೆ ಇಂದಿಗೂ ರೋಗಿಗಳನ್ನು ನೋಡುತ್ತಿದೆ. ಅಲ್ಲಿಯ ಹಕೀಮರ ಮೂಲಗುರು ಇಬ್ನ್ ಸೀನಾ ತನ್ನ ‘ಕಾನೂನ್’ ಗ್ರಂಥದಲ್ಲಿ ಹೇಳುವುದೂ ಇದನ್ನೇ: ಶಿಶುವಿನ ಚಿಕಿತ್ಸೆಯಲ್ಲಿ ಮೊದಲ ಗಮನ ಹಾಲೂಡುವವಳ ಆಹಾರ ವಿಹಾರಗಳ ಕಡೆಗೆ ಹೋಗಬೇಕು, ಬೇಕಾದರೆ ಮದ್ದು ಅವಳಿಗೇ ಸಲ್ಲಬೇಕು. ನವಾಬರ ದೇವಡಿಗಳಲ್ಲಿ ಮಕ್ಕಳಿಗೆ ಹಾಲೂಡಲು ನೇಮಕಗೊಳ್ಳುತ್ತಿದ್ದ ದಾಯಿಯನ್ನು ಉರ್ದುವಿನಲ್ಲಿ ‘ಅನ್ನಾ’ ಎನ್ನುತ್ತಾರೆ. ಕನ್ನಡದ ಕಿವಿಗೆ ಆ ಶಬ್ದ ಅನ್ನವಾಗಿಯೇ ಕೇಳಿಸುವುದು ಒಂದು ಆಕಸ್ಮಿಕ. ಆದರೂ ಹಿತವಾದ ಆಕಸ್ಮಿಕ.

ಹಾಲು ನಂಜಾದೀತೆಂಬ ಭಯ ಆಗ ಇರಲಿಲ್ಲವೆಂದಲ್ಲ. ಆಯುರ್ವೇದದಲ್ಲಿ ‘ಸ್ತನ್ಯದುಷ್ಟಿ’ ಎಂಬುದೊಂದು ಪ್ರಕರಣವೇ ಇದೆ. ನಮ್ಮ ಮನೆಗಳಲ್ಲಿ ಬಾಣಂತಿಯ ಪಥ್ಯವೆಂದು ಉಳಿದು ಬಂದಿರುವುದರ ದೊಡ್ಡ ಪಾಲು ಈ ಭಯದ ಸಂತಾನ. ಆದರೆ ಆ ಪ್ರಕರಣದ ಗುರಿ ಹಾಲನ್ನು ಶುದ್ಧಿಗೊಳಿಸುವುದು. ದೀರ್ಘಕಾಲದ ಕಾಯಿಲೆಯ ತಾಯಿ ಮದ್ದನ್ನು ಸೇವಿಸುತ್ತಲೇ ಮಗುವಿಗೆ ಹಾಲೂಡಬಹುದೇ ಎಂಬ ಇಂದಿನ ಪ್ರಶ್ನೆ ಬೇರೆಯದು. ಅದು ಹುಟ್ಟಬೇಕಾದರೆ ಮೊದಲು ಎರಡು ಸಂಗತಿಗಳು ಕೂಡಿಬರಬೇಕಿತ್ತು: ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಗಳು, ಮತ್ತು ಆ ಮಾತ್ರೆಗಳ ಬಲದಿಂದ ಬದುಕುಳಿದು ತಾಯಿಯಾದ ಹೆಂಗಸರು. ಇಪ್ಪತ್ತನೆಯ ಶತಮಾನಕ್ಕೆ ಮೊದಲು ಇಂಥ ಹೆಂಗಸರು ಹೆಚ್ಚು ಇರಲಿಲ್ಲ.

ನಿಜಾಮರ ಸೀಮೆಯಲ್ಲಿ ಈ ಕಥೆಯ ಮೊದಲ ಅಧ್ಯಾಯ ಕುಷ್ಠರೋಗದ್ದು. 1915ರಲ್ಲಿ ಇಸಬೆಲ್ ಕೆರ್ ಎಂಬ ವೈದ್ಯೆ, ಪಾದ್ರಿಯಾಗಿದ್ದ ಪತಿ ಜಾರ್ಜ್ ಕೆರ್ ಅವರೊಡನೆ ನಿಜಾಮಾಬಾದಿನ ಹತ್ತಿರದ ಡಿಚ್‌ಪಲ್ಲಿಯಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯನ್ನು ಆರಂಭಿಸಿದರು. ರಾಜಾ ನರ್ಸಾ ಗೌಡ್ ಎಂಬ ಸ್ಥಳೀಯ ಶ್ರೀಮಂತರು ಅದಕ್ಕೆ ಉದಾರವಾಗಿ ಧನಸಹಾಯ ಮಾಡಿದರು. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದಿನ ಭಾಗವೇ ಆಗಿದ್ದವೆಂಬುದನ್ನು ನೆನೆದರೆ ಇದನ್ನು ನಮ್ಮ ಚರಿತ್ರೆಯ ಹೊರಗಿಟ್ಟು ನೋಡುವುದು ಸರಿಯಲ್ಲ. ಆಗ ಕೈಯಲ್ಲಿದ್ದ ಮದ್ದು ಗರುಡಫಲದ ಜಾತಿಯ ಬೀಜಗಳ ಎಣ್ಣೆ ಮಾತ್ರ. ಅದನ್ನು ಸೂಜಿಯಿಂದ ಚುಚ್ಚುತ್ತಿದ್ದರು. ನೋವು ಬಹಳ, ಗುಣ ಅನಿಶ್ಚಿತ.

ಮಕ್ಕಳ ವಿಷಯದಲ್ಲಿ ಆ ಕಾಲದ ನಿಲುವು ಕಠಿಣವಾಗಿತ್ತು. ಕುಷ್ಠ ವಂಶಪಾರಂಪರ್ಯವಲ್ಲವೆಂದು 1890-91ರಲ್ಲಿ ಭಾರತಕ್ಕೆ ಬಂದ ಕುಷ್ಠರೋಗ ಆಯೋಗ ತೀರ್ಮಾನಿಸಿದ್ದರಿಂದ ಒಂದು ಕಳಂಕವೇನೋ ಕಳೆಯಿತು. ಆದರೆ ಅದೇ ತರ್ಕದಿಂದ ಇನ್ನೊಂದು ಕ್ರಮ ಬಲವಾಯಿತು: ರೋಗ ರಕ್ತದಿಂದ ಬರುವುದಲ್ಲ, ಸಹವಾಸದಿಂದ ಬರುವುದು, ಆದ್ದರಿಂದ ಮಗುವನ್ನು ತಾಯಿಯಿಂದ ಬೇರ್ಪಡಿಸಿದರೆ ಮಗು ಉಳಿಯುತ್ತದೆ. ಮಿಷನ್ನಿನವರು ನಡೆಸುತ್ತಿದ್ದ ಕುಷ್ಠಾಶ್ರಮಗಳ ಪಕ್ಕದಲ್ಲಿ ‘ಕಳಂಕ ತಟ್ಟದ ಮಕ್ಕಳ’ ಮನೆಗಳು ಎದ್ದವು. ಹವಾಯಿಯ ಕಲಾವ್‌ಪಾಪಾದಲ್ಲಿ ಹೆರಿಗೆಯಾದ ಕೂಡಲೇ ಶಿಶುವನ್ನು ಒಯ್ಯುತ್ತಿದ್ದರು. ಎದೆಹಾಲಿಗೆ ಬದಲಾಗಿ ಕೊಟ್ಟ ಬಾಟಲಿ ಹಾಲು ಆ ಮಕ್ಕಳ ಪಾಲಿಗೆ ಏನಾಗಿತ್ತೆಂದು ಊಹಿಸಲು ಶೈತ್ಯಪೆಟ್ಟಿಗೆಯಿಲ್ಲದ, ಕುದಿಸಿದ ನೀರಿನ ಅಭ್ಯಾಸವಿಲ್ಲದ ಆ ಕಾಲದ ಬೇಸಗೆಯೊಂದನ್ನು ಕಣ್ಮುಂದೆ ತಂದುಕೊಂಡರೆ ಸಾಕು.

1946ರ ಹೊತ್ತಿಗೆ ಚೆಂಗಲ್ಪಟ್ಟಿನಲ್ಲಿ ರಾಬರ್ಟ್ ಕಾಕ್ರೇನ್ ಸಲ್ಫೋನ್ ಮದ್ದುಗಳನ್ನು ಪ್ರಯೋಗಿಸತೊಡಗಿದರು. ಅವುಗಳಿಂದ ಡ್ಯಾಪ್‌ಸೋನ್ ಮಾತ್ರೆ ಬಳಕೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಲಹೆಯಂತೆ 1980ರ ದಶಕದಲ್ಲಿ ಡ್ಯಾಪ್‌ಸೋನ್, ರಿಫಾಂಪಿಸಿನ್, ಕ್ಲೋಫಜಿಮೈನ್ ಮೂರನ್ನೂ ಸೇರಿಸಿ ಕೊಡುವ ಬಹುಔಷಧ ಚಿಕಿತ್ಸೆ ಬಂದಾಗ ಪರಿಸ್ಥಿತಿ ತಲೆಕೆಳಗಾಯಿತು. ರಿಫಾಂಪಿಸಿನ್ನಿನ ಮೊದಲ ಕೆಲವು ಗುಳಿಗೆಗಳಲ್ಲಿಯೇ ರೋಗಿ ಇತರರಿಗೆ ಸೋಂಕು ಹರಡುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಾಳೆ. ಇನ್ನು ಮಗುವನ್ನು ತಾಯಿಯಿಂದ ದೂರವಿಡಲು ಕಾರಣವುಳಿಯಲಿಲ್ಲ. ಉಳಿದದ್ದು ಮದ್ದಿನ ಪ್ರಶ್ನೆ. ಕ್ಲೋಫಜಿಮೈನ್ ಮೂಲತಃ ಕೆಂಪು ಬಣ್ಣದ ವಸ್ತು. ಅದು ಎದೆಹಾಲಿಗೆ ಇಳಿಯುತ್ತದೆ, ಮಗುವಿನ ಚರ್ಮಕ್ಕೂ ಕೊಂಚ ಕೆಂಪು ಛಾಯೆ ಬರಬಹುದು. ಕಣ್ಣಿಗೆ ಕಾಣುವ ಇಂಥ ಸಾಕ್ಷ್ಯ ಎದುರಿಗಿದ್ದರೂ ಚಿಕಿತ್ಸೆಯ ಮಾರ್ಗದರ್ಶಿಗಳು ಹಾಲೂಡಿಕೆಯನ್ನು ನಿಲ್ಲಿಸಲು ಹೇಳಲಿಲ್ಲ. ಮದ್ದನ್ನೂ ಹಾಲನ್ನೂ ಮುಂದುವರಿಸಿ ಎಂದವು. ಬಣ್ಣ ಕಾಲಕ್ರಮದಲ್ಲಿ ತಾನಾಗಿಯೇ ಹೋಗುತ್ತದೆ. ಡ್ಯಾಪ್‌ಸೋನಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಉಳಿಯಿತು: ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಾದರೆ ಹಾಲಿನ ಮೂಲಕ ಬಂದ ಅಲ್ಪಾಂಶವೂ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಕ್ಷಯರೋಗದ ಕಥೆಯೂ ಹೆಚ್ಚುಕಡಿಮೆ ಇದೇ ಹಾದಿಯದು. ಹೈದರಾಬಾದಿನಿಂದ ವಾಡಿಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ವಿಕಾರಾಬಾದಿನ ಅನಂತಗಿರಿ ಗುಡ್ಡ ಪರಿಚಿತ. ನಿಜಾಮರ ಕಾಲದ ಕ್ಷಯ ಆರೋಗ್ಯಧಾಮ ಅಲ್ಲಿತ್ತು: ತಂಪು ಗಾಳಿ, ವಿಶ್ರಾಂತಿ, ಒಳ್ಳೆಯ ಊಟ, ಮತ್ತು ಮನೆಯವರಿಂದ ದೂರ. ಬಾಣಂತಿಗೆ ಕ್ಷಯವಿದ್ದರೆ ಹಾಲೂಡುವ ಮಾತೇ ಇರಲಿಲ್ಲ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಔಷಧಚಿಕಿತ್ಸಾ ಕೇಂದ್ರ ಮೂರೇ ವರ್ಷಗಳಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಇಕ್ಕಟ್ಟಾದ ಮನೆಯಲ್ಲಿಯೇ ಉಳಿದು ಐಸೋನಿಯಜಿಡ್ ಮುಂತಾದ ಮಾತ್ರೆ ನುಂಗಿದ ಬಡ ರೋಗಿಗಳು ಆರೋಗ್ಯಧಾಮದವರಷ್ಟೇ ಗುಣ ಕಂಡರು, ಅವರ ಮನೆಯವರಿಗೆ ಅದರಿಂದ ಸೋಂಕು ಹೆಚ್ಚಲೂ ಇಲ್ಲ. ಕ್ಷಯ ಹರಡುವುದು ಕೆಮ್ಮಿನಿಂದ. ಐಸೋನಿಯಜಿಡ್ ಹಾಲಿಗೆ ಇಳಿಯುವುದು ನಿಜ, ಆದರೆ ಎಷ್ಟು ಕಡಿಮೆಯೆಂದರೆ ಮಗುವಿಗೆ ರಕ್ಷಣೆಗೆ ಬೇಕಾದ ಮದ್ದನ್ನು ಬೇರೆಯಾಗಿಯೇ ಕೊಡಬೇಕಾಗುತ್ತದೆ. ಸುಶ್ರುತನ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ ಎನ್ನೋಣ.

ಹೀಗಿದ್ದೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವೈದ್ಯರ ಬಾಯಲ್ಲಿ ಸುಲಭವಾಗಿ ಬರುತ್ತಿದ್ದ ಮಾತು ‘ಹಾಲು ಬಿಡಿಸಿ’ ಎಂಬುದೇ. ಕಾರಣವನ್ನು ಹುಡುಕುತ್ತ ಹೋದರೆ 1961ಕ್ಕೆ ಬರುತ್ತೇವೆ. ಬಸುರಿಯರ ವಾಕರಿಕೆಗೆಂದು ಕೊಟ್ಟ ಥಾಲಿಡೊಮೈಡ್ ಸಾವಿರಾರು ಮಕ್ಕಳನ್ನು ಅಂಗವಿಕಲರನ್ನಾಗಿಸಿದ ಸಂಗತಿ ಆ ವರ್ಷ ಬಯಲಾಯಿತು. ಅಲ್ಲಿಂದ ಮುಂದೆ ಗರ್ಭಿಣಿಯರನ್ನೂ ಬಾಣಂತಿಯರನ್ನೂ ಔಷಧ ಪರೀಕ್ಷೆಗಳಿಂದ ದೂರವಿಡುವುದೇ ಸುರಕ್ಷಿತವೆಂಬ ಭಾವನೆ ನೆಲೆಯೂರಿತು. ಪರೀಕ್ಷೆಯಿಲ್ಲದ್ದರಿಂದ ಮಾಹಿತಿಯಿಲ್ಲ, ಮಾಹಿತಿಯಿಲ್ಲದ್ದರಿಂದ ಔಷಧದ ಪೊಟ್ಟಣದೊಳಗಿನ ಸಣ್ಣಕ್ಷರದ ಚೀಟಿಯಲ್ಲಿ ‘ಹಾಲೂಡುವಾಗ ಬಳಸಬಾರದು’ ಎಂಬ ಒಕ್ಕಣೆ. ಆ ಒಕ್ಕಣೆ ಹಲವು ಸಲ ಬರೆದವರ ಕಾನೂನು ರಕ್ಷಣೆಯ ಮಾತಾಗಿರುತ್ತದೆ. ಓದುವ ವೈದ್ಯರಿಗಾದರೋ ಅದು ವಿಜ್ಞಾನದ ತೀರ್ಪಿನಂತೆ ಕಾಣುತ್ತದೆ. ಗರ್ಭದಲ್ಲಿ ಮದ್ದು ಮಗುವನ್ನು ತಲುಪುವ ಬಗೆಗೂ ಹಾಲಿನಲ್ಲಿ ತಲುಪುವ ಬಗೆಗೂ ಬಹಳ ಅಂತರವಿದೆಯೆಂಬುದು ಈ ಗಡಿಬಿಡಿಯಲ್ಲಿ ಮರೆತುಹೋಯಿತು.

ಆ ಅಂತರವನ್ನು ಸ್ವಲ್ಪ ವಿವರಿಸಬೇಕು. ತಾಯಿಯ ರಕ್ತಕ್ಕೂ ಹಾಲಿಗೂ ನಡುವೆ ಜೀವಕೋಶಗಳ ಒಂದು ಪರದೆಯಿದೆ. ಹೆರಿಗೆಯಾದ ಮೊದಲ ಕೆಲವು ದಿನ ಆ ಕೋಶಗಳ ನಡುವೆ ಸಂದುಗಳಿರುತ್ತವೆ, ಆಮೇಲೆ ಅವು ಮುಚ್ಚಿಕೊಳ್ಳುತ್ತವೆ. ಚಿಕ್ಕ ಅಣುವಿನ, ಕೊಬ್ಬಿನಲ್ಲಿ ಕರಗುವ ಮದ್ದು ಸುಲಭವಾಗಿ ದಾಟುತ್ತದೆ. ರಕ್ತದ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ದಾಟುವುದಿಲ್ಲ. ಹಾಲು ರಕ್ತಕ್ಕಿಂತ ತುಸು ಹೆಚ್ಚು ಆಮ್ಲೀಯವಾದ್ದರಿಂದ ಕ್ಷಾರಗುಣದ ಕೆಲವು ಮದ್ದುಗಳು ಒಳಗೆ ಬಂದು ಅಲ್ಲಿಯೇ ಸಿಕ್ಕಿಬೀಳುತ್ತವೆ. ಇನ್ಸುಲಿನ್‌ನಂಥ ದೊಡ್ಡ ಅಣು ಹಾಲಿಗೆ ಬಂದರೂ ಮಗುವಿನ ಹೊಟ್ಟೆಯಲ್ಲಿ ಇತರ ಪ್ರೋಟೀನುಗಳಂತೆ ಜೀರ್ಣವಾಗಿ ಹೋಗುತ್ತದೆ. ಸಕ್ಕರೆ ಕಾಯಿಲೆಯ ತಾಯಿ ಅದಕ್ಕಾಗಿ ಹಾಲು ಬಿಡಿಸಬೇಕಾಗಿಲ್ಲ. ಥೈರಾಯ್ಡ್ ಕೊರತೆಗೆ ನುಂಗುವ ಮಾತ್ರೆಯಂತೂ ದೇಹದಲ್ಲಿ ಸಹಜವಾಗಿಯೇ ಇರಬೇಕಾದ ವಸ್ತು. ಮಿಕ್ಕ ಮದ್ದುಗಳಿಗೆ ಒಂದು ಅಳತೆಗೋಲನ್ನು ಮಾಡಿಕೊಂಡಿದ್ದಾರೆ: ತಾಯಿ ತನ್ನ ತೂಕದ ಪ್ರತಿ ಕಿಲೋಗೆ ಎಷ್ಟು ಸೇವಿಸುತ್ತಾಳೋ ಅದರ ಶೇಕಡಾ 10ಕ್ಕಿಂತ ಕಡಿಮೆ ಪ್ರಮಾಣ ಮಗುವಿಗೆ, ಅದರ ತೂಕದ ಪ್ರತಿ ಕಿಲೋಗೆ, ಹಾಲಿನ ಮೂಲಕ ಸಿಕ್ಕುವುದಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಬಹುಪಾಲು ಮದ್ದುಗಳು ಈ ಗೆರೆಯ ಕೆಳಗೇ ಇವೆ. ಎಲ್ಲವೂ ಅಲ್ಲ. ಕ್ಯಾನ್ಸರಿನ ಮದ್ದುಗಳು, ವಿಕಿರಣಶೀಲ ಅಯೋಡಿನ್ ಇವು ಹಾಲನ್ನು ನಿಲ್ಲಿಸಲೇಬೇಕಾದ ಸಂದರ್ಭಗಳು. ಲಿಥಿಯಂ, ಅಮಿಯೊಡರೋನ್ ಇತ್ಯಾದಿಗಳಲ್ಲಿ ಬಲ್ಲ ವೈದ್ಯರ ನಿಗಾ ಬೇಕು. ಇವನ್ನು ಬೇರ್ಪಡಿಸಿ ಹೇಳುವ ಪಟ್ಟಿಗಳು ಬಂದದ್ದು ತಡವಾಗಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೊದಲ ಪಟ್ಟಿ ಹೊರಡಿಸಿದ್ದು 1983ರಲ್ಲಿ. ಯಾರು ಬೇಕಾದರೂ ನೋಡಬಹುದಾದ ‘ಲ್ಯಾಕ್ಟ್‌ಮೆಡ್’ ಎಂಬ ಮಾಹಿತಿಕೋಶ ಬಂದದ್ದು 2006ರಲ್ಲಿ.

ಮೂರ್ಛೆರೋಗದ ಉದಾಹರಣೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಆ ಮಾತ್ರೆಗಳು ಮಿದುಳಿನ ಮೇಲೆ ಕೆಲಸ ಮಾಡುವಂಥವು. ಬೆಳೆಯುತ್ತಿರುವ ಮಗುವಿನ ಮಿದುಳಿಗೆ ಕೆಡುಕೆಂಬ ಅಂಜಿಕೆ ಸಹಜವೇ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಕಿಂಫರ್ಡ್ ಮೆಡೋರ್ ಮತ್ತು ಸಂಗಡಿಗರು ಇಂಥ ತಾಯಂದಿರ ಮಕ್ಕಳನ್ನು ಆರು ವರ್ಷ ತುಂಬುವವರೆಗೆ ಹಿಂಬಾಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾತ್ರೆ ನುಂಗುತ್ತಿದ್ದ ತಾಯಂದಿರ ಹಾಲು ಕುಡಿದ ಮಕ್ಕಳ ಬುದ್ಧಿಮಟ್ಟ, ಕುಡಿಯದವರಿಗಿಂತ ಸರಾಸರಿ ನಾಲ್ಕು ಅಂಕ ಮೇಲಿತ್ತು. ಅಷ್ಟರಲ್ಲಿ ಹಾಲು ಬಿಡಿಸಿಕೊಂಡಿದ್ದ ತಾಯಂದಿರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಹಾಲು ಬಿಡಿಸುವುದರ ಬೆಲೆ ಎಲ್ಲ ಕಡೆಯೂ ಒಂದೇ ಅಲ್ಲವೆಂಬುದನ್ನು ಹೈದರಾಬಾದು ಚೆನ್ನಾಗಿ ಬಲ್ಲದು. 1958ರಲ್ಲಿ ಕೂನೂರಿನಿಂದ ಇಲ್ಲಿಗೆ ಬಂದು ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾದ ಪ್ರಯೋಗಾಲಯದ ಡಾ. ಸಿ. ಗೋಪಾಲನ್ ಅದೇ ವರ್ಷ ಬಡ ಹೆಂಗಸರ ಎದೆಹಾಲನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ತಾವೇ ಅರೆಹೊಟ್ಟೆಯಲ್ಲಿದ್ದ ಆ ತಾಯಂದಿರು ದಿನಕ್ಕೆ 400ರಿಂದ 600 ಮಿಲಿಲೀಟರಿನಷ್ಟು ಹಾಲನ್ನು ತಿಂಗಳುಗಟ್ಟಲೆ ಕೊಡುತ್ತಿದ್ದರು. ಇಂಥ ಮನೆಯಲ್ಲಿ ಹಾಲು ನಿಂತರೆ ಮಗುವಿಗೆ ಬರುವುದು ನೀರು ಬೆರೆಸಿದ ಡಬ್ಬಿಹಾಲು. ಹಿಂದುಳಿದ ದೇಶಗಳಲ್ಲಿ ಮೊದಲೆರಡು ತಿಂಗಳ ಕೂಸು ಎದೆಹಾಲಿಲ್ಲದಿದ್ದರೆ ಸೋಂಕುರೋಗಗಳಿಂದ ಸಾಯುವ ಸಂಭವ ಸುಮಾರು ಆರು ಪಟ್ಟು ಹೆಚ್ಚೆಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಹೇಳಿತು. ಅಜ್ಞಾತವಾದ ಅಪಾಯವೊಂದನ್ನು ತಪ್ಪಿಸಲು ಹೋಗಿ ಚಿರಪರಿಚಿತ ಅಪಾಯವನ್ನು ಮಗುವಿಗೆ ಒಡ್ಡುತ್ತಿದ್ದೆವು ಎಂಬುದು ನನ್ನ ಅಭಿಪ್ರಾಯ.

ಈ ತೂಕದ ತಕ್ಕಡಿ ಅತ್ಯಂತ ನಿಷ್ಠುರವಾಗಿ ತೂಗಿದ್ದು ಎಚ್‌ಐವಿಯ ವಿಷಯದಲ್ಲಿ. ಹೆರಿಗೆಯ ನಂತರ ರಕ್ತ ಪಡೆದು ಸೋಂಕಿತಳಾದ ತಾಯಿಯ ಹಾಲಿನಿಂದ ಮಗುವಿಗೆ ಎಚ್‌ಐವಿ ಬಂದ ಪ್ರಕರಣ 1985ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಯಿತು. ಅದೇ ವರ್ಷ ಅಮೆರಿಕ ತನ್ನ ಸೋಂಕಿತ ತಾಯಂದಿರಿಗೆ ಹಾಲೂಡಬೇಡಿರೆಂದಿತು. ಇಲ್ಲಿ ಭಯ ಆಧಾರವಿಲ್ಲದ್ದಲ್ಲ: ಚಿಕಿತ್ಸೆಯಿಲ್ಲದಿದ್ದರೆ ಹಾಲೂಡಿಕೆಯಿಂದಲೇ ಶೇಕಡಾ 5ರಿಂದ 20ರಷ್ಟು ಮಕ್ಕಳಿಗೆ ಸೋಂಕು ತಗಲುತ್ತದೆ. ಆದರೆ ಡಬ್ಬಿಹಾಲಿನ ದಾರಿ ಎಲ್ಲಿಗೆ ಒಯ್ಯುತ್ತದೆಂಬುದನ್ನು ಬೋಟ್ಸ್ವಾನಾ ಕಂಡಿತು. ಅಲ್ಲಿಯ ಸರಕಾರ ಸೋಂಕಿತ ತಾಯಂದಿರಿಗೆ ಪುಡಿಹಾಲನ್ನು ಉಚಿತವಾಗಿ ಹಂಚುತ್ತಿತ್ತು. 2006ರ ಆರಂಭದಲ್ಲಿ ಭಾರೀ ಮಳೆ ಸುರಿದು ನೀರು ಕಲುಷಿತವಾದಾಗ ಭೇದಿ ಹಬ್ಬಿ ಮಕ್ಕಳು ಸತ್ತರು. ಸತ್ತವರಲ್ಲಿ ಬಹುತೇಕರು ಎದೆಹಾಲು ಕುಡಿಯದವರು. ಡರ್ಬನ್ನಿನಿಂದ 1999ರಲ್ಲಿಯೇ ಇನ್ನೊಂದು ಸುಳಿವು ಬಂದಿತ್ತು: ಎದೆಹಾಲನ್ನು ಮಾತ್ರ ಕುಡಿದ ಮಕ್ಕಳಿಗಿಂತ, ಎದೆಹಾಲಿನೊಂದಿಗೆ ಬೇರೆ ಹಾಲು ನೀರುಗಳನ್ನೂ ಬೆರೆಸಿ ಕುಡಿದ ಮಕ್ಕಳಿಗೆ ಸೋಂಕು ಹೆಚ್ಚು ತಗಲುತ್ತಿತ್ತು.

ಬಿಕ್ಕಟ್ಟನ್ನು ಬಿಡಿಸಿದ್ದು ಮದ್ದು. ತಾಯಿಗೆ ನಿತ್ಯದ ಮಾತ್ರೆ ಕೊಟ್ಟು ರಕ್ತದಲ್ಲಿ ವೈರಾಣುವನ್ನು ಅಡಗಿಸಿದರೆ, ಅಥವಾ ಮಗುವಿಗೆ ನೆವಿರಾಪಿನ್ ದ್ರವ ಕೊಟ್ಟರೆ, ಹಾಲಿನಿಂದ ಸೋಂಕು ತಗಲುವುದು ತೀರ ಅಪರೂಪವಾಗುತ್ತದೆ. ಪುಣೆಯೂ ಸೇರಿದಂತೆ ಹಲವು ದೇಶಗಳಲ್ಲಿ ನಡೆದ ‘ಪ್ರಾಮಿಸ್’ ಎಂಬ ಪರೀಕ್ಷೆಯಲ್ಲಿ ಹನ್ನೆರಡು ತಿಂಗಳ ಹೊತ್ತಿಗೆ ಅದು ಶೇಕಡಾ 1ಕ್ಕಿಂತ ಕೆಳಗಿತ್ತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ‘ಮಾತ್ರೆ ನುಂಗುತ್ತ ಹಾಲೂಡಿ’ ಎಂಬರ್ಥದ ಸಲಹೆಯನ್ನು ಹೊರಡಿಸಿತು. ಮದ್ದಿದೆಯೆಂಬ ಕಾರಣಕ್ಕೆ ನಿಲ್ಲುತ್ತಿದ್ದ ಹಾಲು, ಮದ್ದಿದೆಯೆಂಬ ಕಾರಣದಿಂದಲೇ ಮುಂದುವರಿಯುವಂತಾಯಿತು.

ಆ ಮಾತ್ರೆ ಎಲ್ಲಿಂದ ಬಂತು? ಉತ್ತರದ ಬಹುದೊಡ್ಡ ಭಾಗ ಹೈದರಾಬಾದು. ಬಾಲಾನಗರದಲ್ಲಿ ಸೋವಿಯತ್ ನೆರವಿನಿಂದ ಎದ್ದ ಸರಕಾರಿ ಔಷಧ ಕಾರ್ಖಾನೆ ಐಡಿಪಿಎಲ್ ಇಲ್ಲಿ ರಸಾಯನಶಾಸ್ತ್ರ ಬಲ್ಲವರ ಒಂದು ಪೀಳಿಗೆಯನ್ನೇ ತಯಾರು ಮಾಡಿತು. ರೆಡ್ಡೀಸ್ ಸಂಸ್ಥೆಯನ್ನು ಕಟ್ಟಿದ ಅಂಜಿ ರೆಡ್ಡಿಯವರು ಅಲ್ಲಿಯೇ ಕೆಲಸ ಮಾಡಿದವರು. 1970ರ ಪೇಟೆಂಟ್ ಕಾಯಿದೆ ಔಷಧವಸ್ತುವಿಗೆ ಪೇಟೆಂಟ್ ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಟ್ಟಿತು; ಬೇರೆ ವಿಧಾನದಿಂದ ಅದೇ ಮದ್ದನ್ನು ತಯಾರಿಸುವುದು ನ್ಯಾಯಸಮ್ಮತವಾಯಿತು. 2000ದ ಸುಮಾರಿಗೆ ಎಚ್‌ಐವಿ ಚಿಕಿತ್ಸೆಗೆ ವರ್ಷಕ್ಕೆ ಹತ್ತು ಸಾವಿರ ಡಾಲರುಗಳಿಗೂ ಮಿಕ್ಕಿ ಬೇಕಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ಅದನ್ನು 350 ಡಾಲರಿಗೆ ಇಳಿಸಿತು. ಆ ಮೇಲೆ ಹೈದರಾಬಾದಿನ ಹೆಟೆರೊ, ಅರಬಿಂದೊ, ಸಿಕಂದರಾಬಾದಿನ ಮ್ಯಾಟ್ರಿಕ್ಸ್ ಈ ಕಂಪನಿಗಳು ಆಫ್ರಿಕಾಕ್ಕೆ ಹೋಗುವ ಮಾತ್ರೆಗಳ ಮುಖ್ಯ ತಯಾರಕರಾದವು. ಮ್ಯಾಟ್ರಿಕ್ಸ್ ಅನ್ನು ಅಮೆರಿಕದ ಮೈಲಾನ್ ಕೊಂಡಿತು. 2017ರ ಸೆಪ್ಟೆಂಬರಿನಲ್ಲಿ ಮೈಲಾನ್ ಮತ್ತು ಅರಬಿಂದೊ ಮೂರು ಮದ್ದುಗಳಿರುವ ದಿನಕ್ಕೊಂದು ಮಾತ್ರೆಯನ್ನು ವರ್ಷಕ್ಕೆ ಸುಮಾರು 75 ಡಾಲರಿಗೆ ಕೊಡಲು ಒಪ್ಪಿದವು.

ಇದೇ ಉದ್ಯಮಕ್ಕೆ ಇನ್ನೊಂದು ಮುಖವಿದೆ. ನಗರದ ಪಶ್ಚಿಮಕ್ಕೆ, ಬೀದರಿಗೆ ಹೋಗುವ ಹೆದ್ದಾರಿಯ ಮೇಲಿರುವ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರು ಶುದ್ಧಗೊಂಡು ಹೊರಬೀಳುವ ಜಾಗದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮಾದರಿ ತೆಗೆದು 2007ರಲ್ಲಿ ವರದಿ ಮಾಡಿದರು: ಸಿಪ್ರೊಫ್ಲಾಕ್ಸಸಿನ್ ಎಂಬ ಮದ್ದು ಲೀಟರಿಗೆ 31 ಮಿಲಿಗ್ರಾಂವರೆಗೆ ಅದರಲ್ಲಿತ್ತು, ರೋಗಿಯೊಬ್ಬನ ರಕ್ತದಲ್ಲಿ ಇರಬೇಕಾದುದಕ್ಕಿಂತ ಅದು ಹೆಚ್ಚು. ತಾಯಿಯ ಹಾಲಿನಲ್ಲಿ ಮದ್ದಿನ ಕಣ ಎಷ್ಟಿದ್ದೀತೆಂದು ಅಷ್ಟೊಂದು ಅಂಜಿದ ಕಾಲವೇ ಹಳ್ಳದ ನೀರಿನಲ್ಲಿ ಅದು ಎಷ್ಟಿದೆಯೆಂದು ಕೇಳಲು ತಡಮಾಡಿತು.

ಕರ್ನಾಟಕ ಮತ್ತು ಅವಿಭಜಿತ ಆಂಧ್ರಪ್ರದೇಶ ಎರಡೂ ಎಚ್‌ಐವಿಯ ಭಾರ ಹೆಚ್ಚಾಗಿದ್ದ ರಾಜ್ಯಗಳು. ನಮ್ಮ ಕಡೆ ಬಾಗಲಕೋಟೆ, ಬೆಳಗಾವಿಯ ಸೀಮೆ ಅದನ್ನು ಬಹಳ ಉಂಡಿತು. ಹೆರಿಗೆಯ ಹೊತ್ತಿನಲ್ಲಿ ತಾಯಿಗೊಂದು, ಮಗುವಿಗೊಂದು ಎಂದು ನೆವಿರಾಪಿನ್ ಕೊಟ್ಟು ಕಳಿಸುತ್ತಿದ್ದ ಹಳೆಯ ಕ್ರಮವನ್ನು ಬಿಟ್ಟು ಹಲವು ಮದ್ದುಗಳ ಚಿಕಿತ್ಸೆಯನ್ನು 2012ರಲ್ಲಿ ದೇಶದಲ್ಲಿ ಮೊದಲು ತಂದದ್ದು ದಕ್ಷಿಣದ ಈ ರಾಜ್ಯಗಳಲ್ಲಿಯೇ. 2014ರ ಜನವರಿಯಿಂದ ಸೋಂಕಿತ ಗರ್ಭಿಣಿಯರಿಗೂ ಹಾಲೂಡುವ ತಾಯಂದಿರಿಗೂ ಜೀವನಪರ್ಯಂತ ಉಚಿತ ಮಾತ್ರೆಯೆಂಬುದು ಇಡೀ ದೇಶದ ನಿಯಮವಾಯಿತು. ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಿ ಎಂಬ ಸಲಹೆಯೂ ಅದರೊಂದಿಗೆ ಬಂತು. ಊರಿನಲ್ಲಿ ಅದನ್ನು ಪಾಲಿಸುವುದು ಮಾರ್ಗಸೂಚಿ ಬರೆದಷ್ಟು ಸುಲಭವಲ್ಲ. ಮಾತ್ರೆಯ ಡಬ್ಬಿಯನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಎಲ್ಲಿಡುವುದು, ಕೂಸಿಗೆ ಜೇನು ನೆಕ್ಕಿಸಲು ಬಂದ ಹಿರಿಯರಿಗೆ ಏನು ಹೇಳಿ ತಡೆಯುವುದು, ಹಾಲೂಡದಿದ್ದರೆ ಓಣಿಯವರು ಏನೆಂದುಕೊಂಡಾರು ಎಂಬ ಲೆಕ್ಕಗಳನ್ನೆಲ್ಲ ಬಾಣಂತಿ ಒಬ್ಬಳೇ ಮಾಡಬೇಕು. ಹಾಲೂಡಲು ಅನುಮತಿ ಸಿಕ್ಕಿದ್ದರಿಂದ ಕೊನೆಯ ಪ್ರಶ್ನೆಯೊಂದಾದರೂ ಅವಳ ತಲೆಯ ಮೇಲಿನಿಂದ ಇಳಿಯಿತು.

1985ರಿಂದ ‘ಬೇಡ’ವೆನ್ನುತ್ತ ಬಂದಿದ್ದ ಅಮೆರಿಕದಲ್ಲಿ ಸರಕಾರದ ಮಾರ್ಗಸೂಚಿ 2023ರಲ್ಲಿ ಸಡಿಲವಾಯಿತು. ಮಾತ್ರೆಯಿಂದ ವೈರಾಣು ಅಡಗಿರುವ ತಾಯಿ ಬಯಸಿದರೆ ಹಾಲೂಡಲು ನೆರವಾಗಬೇಕೆಂದು ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದ್ದು 2024ರ ಮೇ ತಿಂಗಳಿನಲ್ಲಿ. ಆ ಹೊತ್ತಿಗೆ ರಾಯಚೂರಿನಲ್ಲಿಯೋ ಬಾಗಲಕೋಟೆಯಲ್ಲಿಯೋ ಸರಕಾರಿ ಆಸ್ಪತ್ರೆಯ ಎಆರ್‌ಟಿ ಕೇಂದ್ರದಿಂದ ತಿಂಗಳ ಮಾತ್ರೆ ಒಯ್ದು ಹಾಲೂಡಿ ಬೆಳೆಸಿದ ತಾಯಂದಿರ ಮೊದಲ ಮಕ್ಕಳಿಗೆ ಐದನೆಯ ತರಗತಿಗೆ ಸೇರುವ ವಯಸ್ಸಾಗಿತ್ತು.